‘ಪುಡಿ ಇಲ್ಲದೆ ಬಾಡಿ ಬರಲ್ವಾ ಸರ್?’

ಪ್ರಶ್ನೆ: ಸರ್, ನನಗೆ 24 ವರ್ಷ. ಊರು ಹಾಸನದ ಹತ್ತಿರ ಒಂದು ಹಳ್ಳಿ. ಬೆಂಗಳೂರಿನ ಪೀಣ್ಯದಲ್ಲಿ ಮೆಷಿನ್ ಆಪರೇಟರ್ ಕೆಲಸ, ಪಿಜಿಯಲ್ಲಿ ವಾಸ. ಎತ್ತರ 5 ಅಡಿ 8 ಇಂಚು, ತೂಕ 58 ಕೆಜಿ. ಏಳು ತಿಂಗಳಿಂದ ಜಿಮ್‌ಗೆ ಹೋಗ್ತಿದ್ದೇನೆ. ಮೊದಲ ಮೂರು ತಿಂಗಳಲ್ಲಿ ಸ್ಕ್ವಾಟ್ (ಹೆಗಲ ಮೇಲೆ ಭಾರ ಇಟ್ಟು ಕೂತು ಏಳೋದು) 30ರಿಂದ 60 ಕೆಜಿಗೆ ಬಂತು. ಆಮೇಲೆ ಅಲ್ಲೇ ನಿಂತಿದೆ. ಬೆಂಚ್ ಪ್ರೆಸ್ (ಮಲಗಿ ಎದೆಯಿಂದ ಭಾರ ಮೇಲೆತ್ತೋದು) 45 ದಾಟಿಲ್ಲ. ಮೈ ತೂಕ ಒಂದು ಕೆಜಿಯೂ ಏರಿಲ್ಲ. ಟ್ರೈನರ್ ‘ಪುಡಿ ಇಲ್ಲದೆ ಬಾಡಿ ಬರಲ್ಲ’ ಅಂತ ವೇ, ಮಾಸ್ ಗೇನರ್, ಬಿಸಿಎಎ, ಪ್ರೀ-ವರ್ಕೌಟ್, ಕ್ರಿಯಾಟಿನ್ ಹೀಗೆ ಐದು ಸಪ್ಲಿಮೆಂಟ್ ಬರೆದುಕೊಟ್ಟಿದ್ದಾರೆ. ತಿಂಗಳಿಗೆ 7,500 ರೂಪಾಯಿ ಆಗುತ್ತೆ. ನನ್ನ ಸಂಬಳ 19,000. ಜೊತೆಗೆ ಸೇರಿದ ಒಬ್ಬ ಹುಡುಗ ಮೂರೇ ತಿಂಗಳಲ್ಲಿ ಭಾರೀ ಆಗಿದ್ದಾನೆ. ‘ನೀನೂ ಒಂದು ಸೈಕಲ್ ಹಾಕು’ ಅಂತಾನೆ. ನಮ್ಮಪ್ಪ ಮುದ್ದೆ ಸಾರು ತಿಂದೇ 50 ಕೆಜಿ ಗೊಬ್ಬರದ ಮೂಟೆ ಹೊರುತ್ತಿದ್ದರು. ನನಗ್ಯಾಕೆ ಆಗ್ತಿಲ್ಲ? ಬೆಳಿಗ್ಗೆ ಟೀ ಬಿಸ್ಕೆಟ್, 10 ಗಂಟೆಗೆ ಮೂರು ಇಡ್ಲಿ, ಮಧ್ಯಾಹ್ನ ಕ್ಯಾಂಟೀನ್ ಅನ್ನ ಸಾಂಬಾರ್, ರಾತ್ರಿ ಮೂರು ಚಪಾತಿ, ಪಲ್ಯ, ಸ್ವಲ್ಪ ಅನ್ನ ಸಾರು. ಭಾನುವಾರ ಚಿಕನ್. ಸೋಮವಾರ, ಶನಿವಾರ ಮೊಟ್ಟೆ ಮಾಂಸ ಇಲ್ಲ. ಜಿಮ್‌ಗೆ ರಾತ್ರಿ 9ಕ್ಕೆ ಹೋಗ್ತೀನಿ, ಮಲಗೋದು 1 ಗಂಟೆ, ಏಳೋದು 6ಕ್ಕೆ. ಹಸಿ ಮೊಟ್ಟೆ ಹಾಲಿಗೆ ಹಾಕಿ ಕುಡಿದರೆ ಒಳ್ಳೇದಾ? ಕ್ರಿಯಾಟಿನ್ ತಗೊಂಡ್ರೆ ಕಿಡ್ನಿ ಹೋಗುತ್ತಾ? ಅಮ್ಮ ಪ್ರತಿ ತಿಂಗಳು ರಾಗಿ ಹುರಿಹಿಟ್ಟು ಕಳಿಸ್ತಾರೆ, ಡಬ್ಬದಲ್ಲೇ ಇದೆ. ಅದರಿಂದ ಏನಾದ್ರೂ ಉಪಯೋಗ ಇದೆಯಾ?

ಉತ್ತರ: ಊಟದ ಪಟ್ಟಿ, ಎತ್ತುವ ತೂಕ, ಮಲಗುವ ಹೊತ್ತು ಎಲ್ಲ ಬರೆದಿದ್ದೀರಿ. ಇಷ್ಟು ವಿವರ ಕೊಟ್ಟಿದ್ದಕ್ಕೆ ಮೊದಲು ಥ್ಯಾಂಕ್ಸ್. ‘ಬಾಡಿ ಬರ್ತಿಲ್ಲ ಸರ್’ ಅಂತ ಬರುವವರಲ್ಲಿ ಬಹಳ ಜನ ಏನು ತಿಂತೀವಿ ಅನ್ನೋದನ್ನೇ ಹೇಳುವುದಿಲ್ಲ. ನಿಮ್ಮ ಪತ್ರದಲ್ಲೇ ಉತ್ತರದ ಮುಕ್ಕಾಲು ಭಾಗ ಇದೆ.

ಪುಡಿಯ ವಿಷಯ ಆಮೇಲೆ ನೋಡೋಣ. ಮೂರು ತಿಂಗಳು ಚೆನ್ನಾಗಿ ಏರಿದ, ನೀವು ಎತ್ತುವ ತೂಕ ಯಾಕೆ ನಿಂತಿತು ಅಂತ ಮೊದಲು ತಿಳಿಯಬೇಕು.

ಹೊಸದಾಗಿ ಕಬ್ಬಿಣ ಎತ್ತುವವರಿಗೆ ಮೊದಲ ಕೆಲವು ವಾರಗಳಲ್ಲಿ ಬರುವ ಶಕ್ತಿ ಹೆಚ್ಚಾಗಿ ನರಗಳದ್ದು. ಇರುವ ಸ್ನಾಯುವನ್ನೇ ಮೆದುಳು ಹೆಚ್ಚು ಚೆನ್ನಾಗಿ ಬಳಸಲು ಕಲಿಯುತ್ತದೆ. ಸೈಕಲ್ ಕಲಿತ ಹಾಗೆ. ಇದಕ್ಕೆ ಹೆಚ್ಚು ಊಟ ಬೇಕಿಲ್ಲ. ಹಾಗಾಗಿ ಅರೆಹೊಟ್ಟೆಯಲ್ಲೂ ನಿಮ್ಮ ಸ್ಕ್ವಾಟ್ 30ರಿಂದ 60ಕ್ಕೆ ಬಂತು. ಆ ಕಲಿಕೆಯ ಲಾಭ ತೀರುತ್ತಾ ಬಂದಾಗ ಹೊಸ ಸ್ನಾಯು ಕಟ್ಟುವ ಕೆಲಸ ಶುರುವಾಗಬೇಕು. ಅದಕ್ಕೆ ಸಾಮಾನು ಬೇಕಲ್ವಾ? ಮೇಸ್ತ್ರಿ ಬಂದು ನಿಂತಿದ್ದಾನೆ, ಇಟ್ಟಿಗೆ ಸಿಮೆಂಟ್ ಇಲ್ಲ. ಏಳು ತಿಂಗಳಲ್ಲಿ ದೇಹದ ತೂಕ ಒಂದು ಕೆಜಿಯೂ ಏರಿಲ್ಲ ಅಂದರೆ ಅರ್ಥ ಅದೇ.

ನಿಮ್ಮ ಪಟ್ಟಿಯನ್ನು ಲೆಕ್ಕ ಹಾಕಿದೆ. ಒಂದು ಇಡ್ಲಿಯಲ್ಲಿ ಸುಮಾರು 2 ಗ್ರಾಂ ಪ್ರೋಟೀನ್. ಕ್ಯಾಂಟೀನ್ ಸಾಂಬಾರಿನಲ್ಲಿ ಬೇಳೆಗಿಂತ ನೀರೇ ಜಾಸ್ತಿ, ಅನ್ನ ಸೇರಿದರೂ 12 ಗ್ರಾಂ ಬಂದರೆ ಹೆಚ್ಚು. ಚಪಾತಿ, ಪಲ್ಯ, ರಾತ್ರಿಯ ಅನ್ನ ಎಲ್ಲ ಸೇರಿಸಿ ಇಡೀ ದಿನಕ್ಕೆ 40 ಗ್ರಾಂ ಆಸುಪಾಸು. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಹೇಳುವ ಪ್ರಕಾರ ವ್ಯಾಯಾಮ ಮಾಡದ ಸಾಮಾನ್ಯ ಮನುಷ್ಯನಿಗೇ ದೇಹದ ಒಂದು ಕೆಜಿ ತೂಕಕ್ಕೆ 0.83 ಗ್ರಾಂ ಬೇಕು. ನಿಮ್ಮ 58 ಕೆಜಿಗೆ 48 ಗ್ರಾಂ. ದಿನವಿಡೀ ನಿಂತು ಕೆಲಸ ಮಾಡಿ, ರಾತ್ರಿ ತೂಕ ಎತ್ತುವ ನೀವು ಅದನ್ನೂ ಮುಟ್ಟುತ್ತಿಲ್ಲ.

ಹಾಗಾದರೆ ನಿಮ್ಮ ಟ್ರೈನರ್ ಹೇಳಿದ್ದರಲ್ಲಿ ಅರ್ಧ ಸರಿ. ಪ್ರೋಟೀನ್ ಕಡಿಮೆ ಇರುವುದು ನಿಜ. ಅದು ಡಬ್ಬದಿಂದಲೇ ಬರಬೇಕು ಅನ್ನುವುದು ಮಾತ್ರ ನಿಜ ಅಲ್ಲ.

2018ರಲ್ಲಿ 49 ಅಧ್ಯಯನಗಳನ್ನು, 1,863 ಜನರ ಫಲಿತಾಂಶವನ್ನು ಒಟ್ಟುಗೂಡಿಸಿ ನೋಡಿದ ಒಂದು ದೊಡ್ಡ ವಿಶ್ಲೇಷಣೆ ಬಂತು. ತೂಕ ಎತ್ತುವ ವ್ಯಾಯಾಮ ಒಂದರಿಂದಲೇ ಜನರ ಶಕ್ತಿ, ಅಂದರೆ ಒಂದು ಸಲಕ್ಕೆ ಎತ್ತಬಲ್ಲ ಗರಿಷ್ಠ ಭಾರ, ಸರಾಸರಿ 27 ಕೆಜಿಯಷ್ಟು ಏರಿತ್ತು. ಹೆಚ್ಚುವರಿ ಪ್ರೋಟೀನ್ ಅದಕ್ಕೆ ಸೇರಿಸಿದ್ದು ಸುಮಾರು 2.5 ಕೆಜಿ. ದೇಹದ ಒಂದು ಕೆಜಿ ತೂಕಕ್ಕೆ ದಿನಕ್ಕೆ ಸುಮಾರು 1.6 ಗ್ರಾಂ ದಾಟಿದ ಮೇಲೆ ಸರಾಸರಿಯಲ್ಲಿ ಹೆಚ್ಚಿನ ಲಾಭ ಕಾಣಲಿಲ್ಲ. ಈ ಅಂಕಿಗಳನ್ನು ನನ್ನ ಹತ್ತಿರ ಬರುವ ಪ್ರತಿಯೊಬ್ಬ ಹುಡುಗನಿಗೂ ಹೇಳುತ್ತೇನೆ. 27 ಎಲ್ಲಿಂದ ಬಂತು, 2.5 ಎಲ್ಲಿಂದ ಬಂತು ಅಂತ ಗೊತ್ತಾದರೆ ದುಡ್ಡು ಎಲ್ಲಿ ಹಾಕಬೇಕು, ಬೆವರು ಎಲ್ಲಿ ಹಾಕಬೇಕು ಅನ್ನೋದು ಗೊತ್ತಾಗುತ್ತದೆ.

ನಿಮಗೆ 1.6ರ ಲೆಕ್ಕದಲ್ಲಿ ದಿನಕ್ಕೆ 93 ಗ್ರಾಂ ಬೇಕು. ಇರುವುದು 40. ಕೊರತೆ 50 ಚಿಲ್ಲರೆ. ಇದನ್ನು ಪಿಜಿಯಲ್ಲಿ ಕೂತು ಹೇಗೆ ತುಂಬಿಸುವುದು? ಅರ್ಧ ಲೀಟರ್ ನಂದಿನಿ ಹಾಲಿನಲ್ಲಿ 15 ಗ್ರಾಂ ಇದೆ. ಅದರಲ್ಲಿ ಅರ್ಧ ಬೆಳಿಗ್ಗೆ, ಅರ್ಧ ರಾತ್ರಿ. ಹಾಲು ಹೊಟ್ಟೆಗೆ ಆಗದಿದ್ದರೆ ಅಷ್ಟೇ ಮೊಸರು. ಮೂರು ಬೇಯಿಸಿದ ಮೊಟ್ಟೆ 18 ಗ್ರಾಂ. ಕೆಟಲ್ ಇದ್ದರೆ ಮೊಟ್ಟೆ ಅದರಲ್ಲೇ ಬೇಯುತ್ತದೆ. ಒಂದು ಹಿಡಿ ಶೇಂಗಾ, ಅಂದರೆ 40 ಗ್ರಾಂ, ರಾತ್ರಿ ನೆನೆಸಿಟ್ಟು ಬೆಳಿಗ್ಗೆ ತಿಂದರೆ 10 ಗ್ರಾಂ. ಇನ್ನು ಉಳಿದಿದ್ದಕ್ಕೆ ಮೊಳಕೆ ಕಟ್ಟಿದ ಹುರುಳಿ ಅಥವಾ ಹೆಸರುಕಾಳು. ಒಣಗಿದಾಗ ಒಂದು ಮುಷ್ಟಿ ಇದ್ದರೆ ಸಾಕು, 8–10 ಗ್ರಾಂ ಬರುತ್ತದೆ. ಹುರುಳಿ ಗ್ಯಾಸ್ ಅಂತ ಹೆದರಬೇಡಿ. ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಮೊಳಕೆ ಬರಿಸಿ ಬೇಯಿಸಿದರೆ ತುಂಬಾ ಕಡಿಮೆ ಆಗುತ್ತದೆ. ಸ್ವಲ್ಪದರಿಂದ ಶುರು ಮಾಡಿ.

ಸೋಮವಾರ, ಶನಿವಾರದ ಚಿಂತೆ ಬೇಡ. ಆ ಎರಡು ದಿನ ಮೊಟ್ಟೆ ಜಾಗದಲ್ಲಿ ಸೋಯಾ ಚಂಕ್ಸ್ ಹಾಕಿ. ಒಣ ಚಂಕ್ಸ್ 100 ಗ್ರಾಂನಲ್ಲಿ 50 ಗ್ರಾಂಗಿಂತ ಜಾಸ್ತಿ ಪ್ರೋಟೀನ್ ಇದೆ. ಬಿಸಿನೀರಲ್ಲಿ ಹಾಕಿದ 40 ಗ್ರಾಂ ಚಂಕ್ಸ್ ಅನ್ನು ಪಿಜಿಯ ಪಲ್ಯದ ಜೊತೆ ಬೆರೆಸಿದರೆ ಮುಗಿಯಿತು. ಸೋಯಾ ತಿಂದರೆ ಗಂಡಸರಿಗೆ ಹೆಂಗಸರ ಹಾರ್ಮೋನ್ ಹೆಚ್ಚುತ್ತೆ ಅನ್ನೋ ಮಾತು ಜಿಮ್‌ಗಳಲ್ಲಿ ಸುತ್ತುತ್ತಿರುತ್ತದೆ. ಊಟದಲ್ಲಿ ಬಳಸುವ ಪ್ರಮಾಣದಲ್ಲಿ ಹಾಗೆ ಆಗುವುದಿಲ್ಲ ಅಂತ ಪರೀಕ್ಷೆ ಮಾಡಿಯೇ ನೋಡಿದ್ದಾರೆ.

ಎಲ್ಲವನ್ನೂ ನಾಳೆಯಿಂದಲೇ ತುರುಕಬೇಡಿ. ಇಷ್ಟು ದಿನ ಕಡಿಮೆ ತಿಂದ ಹೊಟ್ಟೆ ಅದು. ಮೊದಲ ಎರಡು ವಾರ ಹಾಲು, ಮೊಟ್ಟೆ ಮಾತ್ರ. ಆಮೇಲೆ ಶೇಂಗಾ, ಕಾಳು. ಭಾನುವಾರ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತೂಕ ನೋಡಿ. ತಿಂಗಳಿಗೆ ಒಂದು ಕೆಜಿ ಏರಿದರೆ ಸರಿಯಾದ ದಾರಿ. ಎರಡು ಕೆಜಿ ದಾಟಿ ಹೊಟ್ಟೆ ಮುಂದೆ ಬಂದರೆ ಸ್ವಲ್ಪ ಇಳಿಸಿ. ಏನೂ ಏರದಿದ್ದರೆ ಎರಡು ಬಾಳೆಹಣ್ಣು, ಒಂದು ಚಪಾತಿ ಸೇರಿಸಿ.

ಹಸಿ ಮೊಟ್ಟೆ ಬೇಡವೇ ಬೇಡ. ಬೇಯಿಸಿದ ಮೊಟ್ಟೆಯ ಪ್ರೋಟೀನ್ ಶೇಕಡಾ 90ರಷ್ಟು ಜೀರ್ಣ ಆದರೆ, ಹಸಿಯದು 50ರ ಹತ್ತಿರ ನಿಲ್ಲುತ್ತದೆ. ದುಡ್ಡು ಕೊಟ್ಟು ತಂದಿದ್ದರಲ್ಲಿ ಅರ್ಧ ಚರಂಡಿಗೆ. ಜೊತೆಗೆ ಭೇದಿ ಹಿಡಿಸುವ ಬ್ಯಾಕ್ಟೀರಿಯಾದ ಅಪಾಯ ಬೇರೆ. ಹಳದಿ ಬಿಸಾಡುವುದೂ ಬೇಡ. ಮೊಟ್ಟೆಯ ಪ್ರೋಟೀನಿನಲ್ಲಿ ಶೇಕಡಾ 40ರಷ್ಟು ಅದರಲ್ಲೇ ಇದೆ, ವಿಟಮಿನ್‌ಗಳೂ ಬಹುಪಾಲು ಅಲ್ಲೇ.

ಇನ್ನು ನಿಮ್ಮ ಅಪ್ಪನ ವಿಷಯ. ಈ ಪ್ರಶ್ನೆ ನನಗೆ ತುಂಬಾ ಇಷ್ಟವಾಯಿತು. ‘ಹಿಟ್ಟಂ ತಿಂದಂ ಬೆಟ್ಟಂ ಕಿತ್ತಿಟ್ಟಂ’ ಅಂತ ನಮ್ಮ ಕಡೆ ಗಾದೆಯೇ ಇದೆಯಲ್ಲ. ಆದರೆ ನಮ್ಮ ಪ್ರೀತಿಯ ಮುದ್ದೆಯ ಬಗ್ಗೆಯೂ ಸತ್ಯ ಹೇಳಬೇಕು. ರಾಗಿ ಹಿಟ್ಟು 100 ಗ್ರಾಂನಲ್ಲಿ ಪ್ರೋಟೀನ್ 7 ಗ್ರಾಂ ಮಾತ್ರ. ಅದು ಕೊಡುವುದು ದುಡಿಯುವ ಕಸುವು, ಮತ್ತೆ 350 ಮಿಲಿಗ್ರಾಂನಷ್ಟು ಕ್ಯಾಲ್ಸಿಯಂ. ನಿಮ್ಮಪ್ಪನ ತಟ್ಟೆಯಲ್ಲಿ ಮುದ್ದೆ ಒಂದೇ ಇರಲಿಲ್ಲ ಅಂತ ನನಗೆ ಗ್ಯಾರಂಟಿ. ಹುರುಳಿ ಬಸ್ಸಾರು ಇತ್ತು, ಅವರೆಕಾಳು ಇತ್ತು, ಮನೆ ಎಮ್ಮೆಯದೋ ಹಸುವಿನದೋ ಮಜ್ಜಿಗೆ ಇತ್ತು. ಧಾನ್ಯದಲ್ಲಿ ಲೈಸಿನ್ ಅನ್ನುವ ಪ್ರೋಟೀನಿನ ಅಂಶ ಕಡಿಮೆ, ಕಾಳಿನಲ್ಲಿ ಅದು ಜಾಸ್ತಿ. ಕಾಳಿನಲ್ಲಿ ಕಡಿಮೆ ಇರುವ ಮೆಥಿಯೋನಿನ್ ಅನ್ನುವ ಇನ್ನೊಂದು ಅಂಶ ರಾಗಿಯಲ್ಲಿ ಚೆನ್ನಾಗಿದೆ. ಮುದ್ದೆಗೆ ಕಾಳಿನ ಸಾರು ಹಾಕಿದವರಿಗೆ ಈ ಹೆಸರುಗಳು ಗೊತ್ತಿರಲಿಲ್ಲ, ಜೋಡಿ ಮಾತ್ರ ಸರಿಯಾಗಿ ಗೊತ್ತಿತ್ತು. ನಿಮ್ಮ ತಟ್ಟೆಯಲ್ಲಿ ಧಾನ್ಯ ಉಳಿದಿದೆ, ಕಾಳು ಮಜ್ಜಿಗೆ ಬಿಟ್ಟುಹೋಗಿದೆ.

ಇನ್ನೊಂದು. ಅಪ್ಪ ಮೊದಲ ದಿನವೇ 50 ಕೆಜಿ ಹೊತ್ತಿರಲಿಕ್ಕಿಲ್ಲ. ಹುಡುಗನಾಗಿದ್ದಾಗ ಹುಲ್ಲಿನ ಹೊರೆ, ಆಮೇಲೆ ಅರ್ಧ ಚೀಲ, ಆಮೇಲೆ ಪೂರ್ತಿ ಮೂಟೆ. ವರ್ಷಗಟ್ಟಲೆ ಭಾರ ಏರುತ್ತಾ ಹೋಯಿತು. ನಾನು ಬೆಳೆದದ್ದು ದಾವಣಗೆರೆಯ ಗರಡಿ ಮನೆಯ ಪಕ್ಕ. ಅಲ್ಲಿ ಉಸ್ತಾದರು ಹೊಸ ಹುಡುಗನಿಗೆ ಮೊದಲ ದಿನ ಎಷ್ಟು ದಂಡ, ಎಷ್ಟು ಬಸ್ಕಿ ಅಂತ ಹೇಳಿ, ವಾರವಾರ ಏರಿಸುತ್ತಾ ಹೋಗುತ್ತಿದ್ದರು. ಗದೆ, ಕಲ್ಲು ಗುಂಡು ಕೈಗೆ ಬರಲು ತಿಂಗಳುಗಳು ಬೇಕಿದ್ದವು. ಹಾಲು, ಬಾದಾಮಿ, ತುಪ್ಪದ ಮಾತನ್ನು ಎಲ್ಲರೂ ಹೇಳುತ್ತಾರೆ. ಆ ಲೆಕ್ಕದ ಶಿಸ್ತನ್ನು ಯಾರೂ ಹೇಳುವುದಿಲ್ಲ.

ನಿಮ್ಮ ಜಿಮ್ ಕ್ರಮದಲ್ಲಿ ಇಲ್ಲದಿರುವುದು ಅದೇ ಇರಬೇಕು. ನೀವು ವಿವರ ಬರೆದಿಲ್ಲ, ಆದರೆ ಬಹಳ ಜಿಮ್‌ಗಳಲ್ಲಿ ನಾನು ನೋಡುವುದು ಒಂದೇ: ಸೋಮವಾರ ಎದೆ, ಮಂಗಳವಾರ ಬೆನ್ನು, ಕಾಲು ಶನಿವಾರ, ಅದೂ ಮನಸ್ಸಿದ್ದರೆ. ವಾರಕ್ಕೊಮ್ಮೆ ಸ್ಕ್ವಾಟ್ ಮಾಡಿ, ಪ್ರತಿ ವಾರ ಅದೇ 60 ಹಾಕಿದರೆ ದೇಹ ಯಾಕೆ ಬದಲಾಗಬೇಕು? ಹೊತ್ತಿದ್ದನ್ನೇ ಹೊರುತ್ತಿದೆ.

ವಾರಕ್ಕೆ ಮೂರೇ ದಿನ ಹೋಗಿ. ಪ್ರತಿ ದಿನವೂ ಸ್ಕ್ವಾಟ್ ಇರಲಿ. ಒಂದು ದಿನ ಬೆಂಚ್ ಪ್ರೆಸ್ ಮತ್ತು ಡೆಡ್‌ಲಿಫ್ಟ್ (ನೆಲದಿಂದ ಭಾರ ಎತ್ತಿ ನಿಲ್ಲುವುದು), ಮುಂದಿನ ಸಲ ನಿಂತು ತಲೆ ಮೇಲೆ ಎತ್ತುವ ಪ್ರೆಸ್ ಮತ್ತು ರೋಯಿಂಗ್ (ಬಾಗಿ ಭಾರವನ್ನು ಹೊಟ್ಟೆಯ ಕಡೆ ಎಳೆಯುವುದು). ಹೀಗೆ ಅದಲುಬದಲು. ಐದೈದು ರೆಪ್‌ನ ಮೂರು ಸೆಟ್, ಅಂದರೆ ಸತತ ಐದು ಸಲ ಎತ್ತುವುದು, ಹಾಗೆ ಮೂರು ಸುತ್ತು, ನಡುವೆ ಮೂರು ನಿಮಿಷ ವಿಶ್ರಾಂತಿ. ಡೆಡ್‌ಲಿಫ್ಟ್ ಒಂದು ಸೆಟ್ ಸಾಕು. ಈಗ 60ರಲ್ಲಿ ನಿಂತಿದ್ದೀರಲ್ಲ, ಹಿಂದೆ ಬಂದು 50ರಿಂದ ಶುರು ಮಾಡಿ. ನಾಚಿಕೆ ಏನೂ ಬೇಡ. ಪ್ರತಿ ಸಲ 2.5 ಕೆಜಿ ಸೇರಿಸಿ, ಅಂದರೆ ಬಾರ್‌ನ ಎರಡೂ ಕಡೆ 1.25 ಕೆಜಿ ಪ್ಲೇಟ್. ಎಷ್ಟೋ ಜಿಮ್‌ಗಳಲ್ಲಿ ಈ ಚಿಕ್ಕ ಪ್ಲೇಟ್‌ಗಳು ಮೂಲೆಯಲ್ಲಿ ಧೂಳು ಹಿಡಿದು ಬಿದ್ದಿರುತ್ತವೆ. ಹುಡುಕಿ ತೆಗೆಯಿರಿ, ನಿಮಗೆ ಬೇಕಾದ ಸಾಮಾನು ಅದು. ಎರಡು ಸಲ ಸತತವಾಗಿ ರೆಪ್ ತಪ್ಪಿದರೆ ಶೇಕಡಾ 10 ಇಳಿಸಿ ಮತ್ತೆ ಏರಿ. ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಕೆಳಗಿಳಿಯುವಾಗ ಬೆನ್ನು ಬಾಗುತ್ತಿದ್ದರೆ ತೂಕ ಏರಿಸಬೇಡಿ. ಮೊಬೈಲ್‌ನಲ್ಲಿ ಪಕ್ಕದಿಂದ ವಿಡಿಯೊ ಮಾಡಿ ನೀವೇ ನೋಡಿ. ಮಂಡಿಯಲ್ಲಿ, ಸೊಂಟದಲ್ಲಿ ಚುಚ್ಚುವ ನೋವು ಬಂದರೆ ನಿಲ್ಲಿಸಿ ತೋರಿಸಿಕೊಳ್ಳಿ. ಸ್ನಾಯು ಹಿಡಿದುಕೊಂಡ ನೋವು ಬೇರೆ, ಕೀಲಿನ ನೋವು ಬೇರೆ.

58 ಕೆಜಿ ದೇಹ ಸಣ್ಣದು ಅನ್ನಿಸುತ್ತಿದ್ದರೆ ನಮ್ಮ ಕುಂದಾಪುರ ಕಡೆಯ ವೇಟ್‌ಲಿಫ್ಟರ್ ಗುರುರಾಜ ಪೂಜಾರಿ ಅವರನ್ನು ನೆನಪಿಸಿಕೊಳ್ಳಿ. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದಾಗ ಅವರು ಎತ್ತಿದ್ದು 56 ಕೆಜಿ ವಿಭಾಗದಲ್ಲಿ. ನಿಮಗಿಂತ ಎರಡು ಕೆಜಿ ಕಡಿಮೆ. ತಲೆ ಮೇಲೆ ಎತ್ತಿದ್ದು ಸ್ನ್ಯಾಚ್‌ನಲ್ಲಿ (ಒಂದೇ ಏಟಿಗೆ ಎತ್ತುವುದು) 111, ಕ್ಲೀನ್ ಅಂಡ್ ಜರ್ಕ್‌ನಲ್ಲಿ (ಮೊದಲು ಹೆಗಲಿಗೆ, ಆಮೇಲೆ ತಲೆ ಮೇಲೆ) 138 ಕೆಜಿ. ಅವರು ಏನು ತಿಂದರು ಅಂತ ಹೇಳುವುದಕ್ಕೆ ಇದನ್ನು ಬರೆಯುತ್ತಿಲ್ಲ. ವರ್ಷಗಟ್ಟಲೆ ಅಭ್ಯಾಸ ಮಾಡಿದರೆ ಅಷ್ಟು ದೇಹದಲ್ಲಿ ಎಷ್ಟು ಶಕ್ತಿ ಇರಲು ಸಾಧ್ಯ ಅಂತ ಗೊತ್ತಾಗಲಿ ಅಂತ.

ಈಗ ಟ್ರೈನರ್ ಬರೆದುಕೊಟ್ಟ ಪಟ್ಟಿ. ವೇ ಅಂದರೆ ಹಾಲು ಒಡೆದಾಗ ಪನೀರಿನಿಂದ ಬೇರೆಯಾಗುವ ನೀರಿನಲ್ಲಿರುವ ಪ್ರೋಟೀನ್. ಹಾಲಿನ ಪ್ರೋಟೀನಿನಲ್ಲಿ ಶೇಕಡಾ 20ರಷ್ಟು ಅದೇ. ಅದು ವಿಷವೂ ಅಲ್ಲ, ಮಂತ್ರವೂ ಅಲ್ಲ, ಒಣಗಿಸಿದ ಆಹಾರ ಅಷ್ಟೇ. ತೊಂದರೆ ಇರುವುದು ಡಬ್ಬದ ಒಳಗೆ ನಿಜವಾಗಿ ಏನಿದೆ ಅನ್ನುವುದರಲ್ಲಿ. 2024ರಲ್ಲಿ ನಮ್ಮ ದೇಶದಲ್ಲಿ ಮಾರುವ 36 ಪ್ರೋಟೀನ್ ಪುಡಿಗಳನ್ನು ಪರೀಕ್ಷಿಸಿದ ವರದಿ ಪ್ರಕಟವಾಯಿತು. ಸುಮಾರು ಶೇಕಡಾ 70ರಷ್ಟರಲ್ಲಿ ಲೇಬಲ್‌ನಲ್ಲಿ ಬರೆದ ಪ್ರೋಟೀನ್ ಲೆಕ್ಕ ತಪ್ಪಾಗಿತ್ತು. ಕೆಲವದರಲ್ಲಿ ಬೂಷ್ಟಿನ ವಿಷವೂ ಸಿಕ್ಕಿತು. ಅದೇ ವರ್ಷ ಐಸಿಎಂಆರ್‌ನ ರಾಷ್ಟ್ರೀಯ ಪೋಷಣೆ ಸಂಸ್ಥೆ ತನ್ನ ಆಹಾರ ಮಾರ್ಗಸೂಚಿಯಲ್ಲಿ ದೇಹ ಬೆಳೆಸಲು ಪ್ರೋಟೀನ್ ಪುಡಿ ಬಳಸಬೇಡಿ ಅಂತಲೇ ಹೇಳಿತು. ನಾನು ಅಷ್ಟು ಕಡ್ಡಿ ಮುರಿದ ಹಾಗೆ ಹೇಳುವುದಿಲ್ಲ. ಊಟಕ್ಕೆ ಸಮಯವೇ ಸಿಗದ ಶಿಫ್ಟ್‌ನವರಿಗೆ, ಮೊಟ್ಟೆಯನ್ನೇ ಮುಟ್ಟದವರಿಗೆ ಒಳ್ಳೆಯ ವೇ ಒಂದು ಅನುಕೂಲ. ಎಂದಾದರೂ ಕೊಳ್ಳುವುದಾದರೆ ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) ಪರವಾನಗಿ ಸಂಖ್ಯೆ, ಬಿಲ್ಲು, ಸೀಲು ನೋಡಿ ಕೊಳ್ಳಿ. ಜಿಮ್ ಕೌಂಟರ್‌ನಲ್ಲಿ ಬಿಲ್ ಇಲ್ಲದೆ ಕೊಡುವ ಡಬ್ಬ ಬೇಡ. ನಿಮಗಂತೂ ಈಗ ಅದರ ಅಗತ್ಯ ಇಲ್ಲ.

ಮಾಸ್ ಗೇನರ್ ಡಬ್ಬ ತಿರುಗಿಸಿ ಹಿಂದೆ ಓದಿ. ಬಹುಪಾಲು ಮಾಲ್ಟೋಡೆಕ್ಸ್‌ಟ್ರಿನ್, ಅಂದರೆ ಬೇಗ ಸಕ್ಕರೆಯಾಗುವ ಪಿಷ್ಟದ ಪುಡಿ. ಬಾಳೆಹಣ್ಣು, ಹಾಲು, ಬೆಲ್ಲ ಅದಕ್ಕಿಂತ ಎಷ್ಟೋ ಮೇಲು. ಬಿಸಿಎಎ ಅಂದರೆ ಪ್ರೋಟೀನಿನ ಮೂರು ಅಮೈನೋ ಆಮ್ಲಗಳು, ಮೊಟ್ಟೆ ಹಾಲಿನಲ್ಲಿ ಇರುವುದೇ, ಬೇರೆ ಬೇಡ. ವ್ಯಾಯಾಮಕ್ಕೆ ಮುಂಚೆ ಕುಡಿಯುವ ಪ್ರೀ-ವರ್ಕೌಟ್‌ನಲ್ಲಿ ಕೆಲಸ ಮಾಡುವುದು ಮುಖ್ಯವಾಗಿ ಕಾಫಿಯಲ್ಲಿರುವ ಕೆಫೀನ್. ರಾತ್ರಿ 9ಕ್ಕೆ ಅದನ್ನು ಕುಡಿದರೆ ಈಗ ಬರುತ್ತಿರುವ ಐದು ಗಂಟೆ ನಿದ್ದೆಯೂ ಹೋಗುತ್ತದೆ.

ಪಟ್ಟಿಯಲ್ಲಿ ನಿಜವಾಗಿ ಕೆಲಸ ಮಾಡುವುದು ಕ್ರಿಯಾಟಿನ್. ಅದು ನಮ್ಮ ದೇಹದಲ್ಲೇ ತಯಾರಾಗುತ್ತದೆ, ಮಾಂಸ ಮೀನಿನಲ್ಲೂ ಇದೆ. ಒಂದು ಕೆಜಿ ಹಸಿ ಮಾಂಸದಲ್ಲಿ 4–5 ಗ್ರಾಂ. ಸಾದಾ ಕ್ರಿಯಾಟಿನ್ ಮೊನೊಹೈಡ್ರೇಟ್ ದಿನಕ್ಕೆ 3ರಿಂದ 5 ಗ್ರಾಂ ತೆಗೆದುಕೊಂಡರೆ ಒಂದೆರಡು ರೆಪ್ ಹೆಚ್ಚು ಬರಬಹುದು. ಆರೋಗ್ಯವಂತರ ಕಿಡ್ನಿಗೆ ಈ ಪ್ರಮಾಣದಿಂದ ಹಾನಿ ಆಗುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ. ಗೊಂದಲ ಎಲ್ಲಿಂದ ಅಂದರೆ, ಇದನ್ನು ತೆಗೆದುಕೊಂಡಾಗ ರಕ್ತದಲ್ಲಿ ಕ್ರಿಯಾಟಿನಿನ್ (ಕ್ರಿಯಾಟಿನ್ ಒಡೆದಾಗ ಉಳಿಯುವ ಕಸ) ಅಂಕಿ ಸ್ವಲ್ಪ ಏರುತ್ತದೆ. ಕಿಡ್ನಿ ಪರೀಕ್ಷೆಯಲ್ಲಿ ನೋಡುವುದೂ ಅದನ್ನೇ. ನನ್ನ ಹತ್ತಿರ ಬಂದಿದ್ದ ಒಬ್ಬ ಹುಡುಗನ ರಿಪೋರ್ಟ್ ನೋಡಿ ಮನೆಯವರೆಲ್ಲ ಅತ್ತಿದ್ದರು. ನಿಲ್ಲಿಸಿ ಮೂರು ವಾರ ಬಿಟ್ಟು ನೋಡಿದಾಗ ಅಂಕಿ ಇಳಿದಿತ್ತು. ಹಾಗಾಗಿ ತೆಗೆದುಕೊಳ್ಳುವವರು ಪರೀಕ್ಷೆಗೆ ಮುಂಚೆ ಡಾಕ್ಟರಿಗೆ ಹೇಳಲೇಬೇಕು. ಕಿಡ್ನಿ ತೊಂದರೆ, ಬಿಪಿ, ಸಕ್ಕರೆ ಕಾಯಿಲೆ ಇದ್ದವರು ಕೇಳದೆ ಮುಟ್ಟಬಾರದು. ನಿಮಗೆ ನನ್ನ ಸಲಹೆ: ಆರು ತಿಂಗಳು ಬಿಡಿ. ಊಟ, ನಿದ್ದೆ ಸರಿಯಾಗಿ, ಸ್ಕ್ವಾಟ್ ನಿಮ್ಮ ಒಂದೂವರೆ ಪಟ್ಟು ತೂಕಕ್ಕೆ ಬಂದ ಮೇಲೆ ಯೋಚಿಸೋಣ.

ಆ ‘ಸೈಕಲ್’ ಮಾತು ಓದಿ ನನಗೆ ಆತಂಕವಾಯಿತು. ಅದು ಸಪ್ಲಿಮೆಂಟ್ ಅಲ್ಲ, ಸ್ಟೀರಾಯ್ಡ್, ಅಂದರೆ ಗಂಡಸರ ಹಾರ್ಮೋನಿನಂಥ ಔಷಧಿಯನ್ನು ಕೆಲವು ವಾರ ಕೋರ್ಸ್ ಹಾಗೆ ತೆಗೆದುಕೊಳ್ಳುವುದು. ಮೂರು ತಿಂಗಳಲ್ಲಿ ಭಾರೀ ಆದವನನ್ನು ನೋಡಿ ನಿಮ್ಮ ಏಳು ತಿಂಗಳನ್ನು ಅಳೆಯಬೇಡಿ. ಹೊರಗಿನಿಂದ ಹಾರ್ಮೋನ್ ಬಂದಾಗ ದೇಹ ತಾನು ಮಾಡುವುದನ್ನು ನಿಲ್ಲಿಸುತ್ತದೆ. ವೃಷಣ ಕುಗ್ಗುತ್ತದೆ, ವೀರ್ಯಾಣು ತೀರಾ ಕಡಿಮೆಯಾಗುತ್ತದೆ, ಇಲ್ಲವೇ ಆಗಬಹುದು, ಒಳ್ಳೆಯ ಕೊಲೆಸ್ಟ್ರಾಲ್ ಬೀಳುತ್ತದೆ, ಹೃದಯದ ಗೋಡೆ ದಪ್ಪವಾಗಬಹುದು. ಮಾತ್ರೆ ರೂಪದ್ದಾದರೆ ಲಿವರ್‌ಗೂ ಪೆಟ್ಟು. ಬಿಟ್ಟ ಮೇಲೆ ಬರುವ ಮಂಕು, ನಿಶ್ಶಕ್ತಿ ತಿಂಗಳುಗಟ್ಟಲೆ ಉಳಿಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮದುವೆಯಾಗಿ ಮಕ್ಕಳಾಗಲಿಲ್ಲ ಅಂತ ಪರೀಕ್ಷೆ ಮಾಡಿಸಿದಾಗ ಇಪ್ಪತ್ತೆರಡರಲ್ಲಿ ಹಾಕಿದ ಇಂಜೆಕ್ಷನ್ ನೆನಪಾದವರೂ ಇದ್ದಾರೆ. ನಿಮ್ಮ ಸ್ನೇಹಿತನನ್ನು ಬೈಯಬೇಡಿ. ಒಬ್ಬ ಹಾರ್ಮೋನ್ ತಜ್ಞರ ಹತ್ತಿರ ಕರೆದುಕೊಂಡು ಹೋಗಿ, ಏನು ತೆಗೆದುಕೊಂಡಿದ್ದಾನೆ ಅಂತ ಮುಚ್ಚಿಡದೆ ಹೇಳಲಿ. ಸರಿಯಾಗುವ ದಾರಿ ಇರುತ್ತದೆ.

ನಿದ್ದೆಗೆ ಬರೋಣ. ಐದು ಗಂಟೆ ಸಾಲದು, ಏಳಾದರೂ ಬೇಕು. ಮೂರು ದಿನ ಮಾತ್ರ ಜಿಮ್ ಅಂದಿದ್ದಕ್ಕೆ ಇದೂ ಒಂದು ಕಾರಣ. ಉಳಿದ ನಾಲ್ಕು ದಿನ 10:30ಕ್ಕೆ ಮಲಗಬಹುದು. ಶಿಫ್ಟ್ ಮುಗಿದ ತಕ್ಷಣ ಸಂಜೆ 6:30ಕ್ಕೇ ಜಿಮ್‌ಗೆ ಹೋಗಲು ಆದರೆ ಇನ್ನೂ ಒಳ್ಳೆಯದು. ರಷ್ ಇರುತ್ತದೆ, ಗೊತ್ತು. ಆದರೂ ಪ್ರಯತ್ನಿಸಿ.

ದುಡ್ಡು ಖರ್ಚು ಮಾಡಲೇಬೇಕು ಅಂದರೆ ಆ 7,500ರಲ್ಲಿ ಸ್ವಲ್ಪ ತೆಗೆದು ಒಂದು ಸಲ ರಕ್ತ ಪರೀಕ್ಷೆ ಮಾಡಿಸಿ: ಹಿಮೋಗ್ಲೋಬಿನ್, ವಿಟಮಿನ್ ಬಿ12, ವಿಟಮಿನ್ ಡಿ, ಥೈರಾಯ್ಡ್. ಹಗಲೆಲ್ಲ ಶೆಡ್ಡಿನೊಳಗೆ ಇರುವವರಲ್ಲಿ ಡಿ, ಮೊಟ್ಟೆ ಮಾಂಸ ಹಾಲು ಕಡಿಮೆ ತಿನ್ನುವವರಲ್ಲಿ ಬಿ12 ಕಡಿಮೆ ಇರುವುದು ತೀರಾ ಸಾಮಾನ್ಯ. ಅದಕ್ಕೆ ಡಾಕ್ಟರು ಮಾತ್ರೆ ಬರೆದರೆ ತೆಗೆದುಕೊಳ್ಳಿ, ಅದು ಔಷಧಿ. ಮೂರು ತಿಂಗಳು ಸರಿಯಾಗಿ ತಿಂದರೂ ತೂಕ ಏರದಿದ್ದರೆ ಆಗಲೂ ಡಾಕ್ಟರನ್ನು ನೋಡಿ.

ಕೊನೆಗೆ ಅಮ್ಮನ ಹುರಿಹಿಟ್ಟು. ಡಬ್ಬ ಇವತ್ತೇ ತೆಗೆಯಿರಿ. ಜಿಮ್‌ನಿಂದ ಬಂದ ಮೇಲೆ ನಾಲ್ಕು ಚಮಚ ಹುರಿಹಿಟ್ಟು, ಒಂದು ಲೋಟ ಬಿಸಿ ಹಾಲು, ಸ್ವಲ್ಪ ಬೆಲ್ಲ. ಬೆಳಿಗ್ಗೆಯ ಟೀ ಬಿಸ್ಕೆಟ್ ಜಾಗದಲ್ಲೂ ಅದೇ ಆಗುತ್ತದೆ, ಗ್ಯಾಸ್ ಒಲೆ ಬೇಕಿಲ್ಲ. ಹುರಿಗಡಲೆಯಲ್ಲಿ ರಾಗಿಯ ಮೂರು ಪಟ್ಟು ಪ್ರೋಟೀನ್ ಇದೆ. ಮುಂದಿನ ಸಲ ಹಿಟ್ಟು ಮಾಡಿಸುವಾಗ ಒಂದು ಸೇರು ರಾಗಿಗೆ ಅರ್ಧ ಸೇರು ಹುರಿಗಡಲೆ ಸೇರಿಸಿ ಮಿಲ್ಲಿಗೆ ಕೊಡೋದಕ್ಕೆ ಅಮ್ಮನಿಗೆ ಫೋನ್ ಮಾಡಿ ಹೇಳಿ.